ಕೋವಿಗೆ ಯಾವ ಮದ್ದು, ನಳಿಗೆಗೆ ಯಾವ ಆರೈಕೆ?

ಪ್ರಶ್ನೆ: ನಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಹಳೇ ಕಾಲದ ಮಾದರಿಯ ರೈಫಲ್ ಕೊಂಡಿದ್ದಾನೆ. ಅದರ ತೋಟಾಗಳಿಗೆ ಮನೆಯಲ್ಲೇ ಕರಿಮದ್ದು ತುಂಬಿಕೊಂಡು ಗುರಿ ಸ್ಪರ್ಧೆಗೆ ಹೋಗುತ್ತಾನೆ. ಉದ್ದನೆಯ ಹಿತ್ತಾಳೆ ಕೊಳವೆಯೊಳಗೆ ಮದ್ದನ್ನು ನಿಧಾನವಾಗಿ ಸುರಿಯುವುದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದ. ಅಷ್ಟೊಂದು ನಾಜೂಕು ಯಾಕೆ? ಇನ್ನೊಂದು ವಿಷಯ. ನಮ್ಮಲ್ಲಿ ತಾತನ ಕಾಲದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇದೆ, ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಈಗಿನ ತೋಟಾ ಒಡೆದು ಅದರ ಮದ್ದನ್ನೇ ಇದಕ್ಕೆ ಹಾಕಬಹುದು ಅಂತ ಊರಲ್ಲಿ ಒಬ್ಬರು ಹೇಳುತ್ತಾರೆ. ಹೌದಾ?
– ಓದುಗರು, ಮಧುಗಿರಿ

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಚಿಟಿಕೆಯಷ್ಟೂ ಬೇಡ.

ಈಗಿನ ತೋಟಾದಲ್ಲಿರುವುದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಇದನ್ನು ಮಾಡಿದ ಮೇಲೆ ಬಂದೂಕುಗಳೇ ಬದಲಾದವು. ಇದರ ಗುಣ ಏನೆಂದರೆ, ಒಳಗಡೆ ಒತ್ತಡ ಏರಿದಂತೆಲ್ಲ ಉರಿಯುವ ವೇಗವೂ ಏರುತ್ತದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಹಳೇ ಕರಿಮದ್ದು ಹಾಗಲ್ಲ, ಅದರ ಒತ್ತಡ ತೀರಾ ಕಡಿಮೆ. ನಿಮ್ಮ ತಾತನ ಕೋವಿಯ ನಳಿಗೆ ಆ ಕಡಿಮೆ ಒತ್ತಡಕ್ಕೆ ಮಾಡಿದ್ದು. 'ಕಮ್ಮಿ ಹಾಕ್ತೀನಿ ಬಿಡಿ ಸಾರ್' ಅನ್ನುವವರೇ ಜಾಸ್ತಿ. ಪಾವಗಡದ ಕಡೆಯಿಂದ ನನ್ನ ರಿಪೇರಿ ಅಂಗಡಿಗೆ ಬಂದ ಒಂದು ನಳಿಗೆ ಬುಡದಲ್ಲಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿರಿದುಕೊಂಡಿತ್ತು. ಅದರಲ್ಲಿ ರಿಪೇರಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಕೋವಿ ಹಿಡಿದವರ ಎಡಗೈ ಇರುವುದು ಆ ಜಾಗದ ಪಕ್ಕದಲ್ಲೇ ಅಲ್ವಾ?

ಈಗ ನಿಮ್ಮ ಅಕ್ಕನ ಮಗನ ವಿಷಯ. ಆ ಕಾಲದ ಪ್ರಸಿದ್ಧ ತೋಟಾ ಅಂದರೆ 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ .45-70. ಗುಂಡಿನ ಅಡ್ಡಳತೆ ಸುಮಾರು ಇಂಚಿನ ನೂರರಲ್ಲಿ 45 ಭಾಗ, ಮದ್ದು 70 ಗ್ರೇನ್. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಗ್ರಾಂ. ಇಂಥ ತೋಟಾದಲ್ಲಿ ಮದ್ದಿಗೂ ಗುಂಡಿಗೂ ನಡುವೆ ಗಾಳಿಗೆ ಜಾಗ ಬಿಡಬಾರದು. ಬಿಟ್ಟರೆ ನಳಿಗೆ ಒಂದು ಕಡೆ ಬಳೆಯಾಕಾರದಲ್ಲಿ ಉಬ್ಬಿಬಿಡಬಹುದು. ಅದಕ್ಕೇ ಆ ಉದ್ದನೆಯ ಕೊಳವೆ. ಎತ್ತರದಿಂದ ನಿಧಾನವಾಗಿ ಬಿದ್ದ ಕಾಳು ಒತ್ತಾಗಿ ಕೂರುತ್ತದೆ. ಅದರ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಸೀಸದ ಗುಂಡು. ಗುಂಡಿನ ಸುತ್ತಲಿನ ಗೀರುಗಳಲ್ಲಿ ಜೇನುಮೇಣ ಮತ್ತು ಕೊಬ್ಬು ಬೆರೆಸಿದ ಜಿಡ್ಡು ತುಂಬಿರುತ್ತದೆ. ನಳಿಗೆಯೊಳಗೆ ಕೂತ ಮಸಿಯನ್ನು ಅದು ಮೆದುವಾಗಿ ಇಡುತ್ತದೆ, ಮುಂದಿನ ಗುಂಡು ಗುರಿ ತಪ್ಪುವುದಿಲ್ಲ. ಹುಡುಗ ಶ್ರದ್ಧೆಯಿಂದ ಮಾಡುತ್ತಿದ್ದಾನೆ, ನನಗೆ ಖುಷಿಯಾಯಿತು. ಆದರೆ ಅಲ್ಲಿನ ಕಾನೂನು ಬೇರೆ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ತೋಟಾ ತಯಾರಿಸುವುದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಅವನನ್ನು ನೋಡಿ ನೀವು ಶುರು ಮಾಡಬೇಡಿ.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ನಮ್ಮ ಕಡೆ ಕೋವಿಗಳು ಹಾಳಾಗುವುದು ಗುಂಡು ಹೊಡೆದು ಅಲ್ಲ, ತೊಳೆಯದೆ. ಕರಿಮದ್ದು ಉರಿದ ಮೇಲೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಘನವಾಗಿಯೇ ಉಳಿಯುತ್ತದೆ. ಹೊರಗೆ ಹೋದದ್ದು ಹೊಗೆ, ಒಳಗೆ ಕೂತದ್ದು ಮಸಿ. ಆ ಮಸಿಯಲ್ಲಿ ಉಪ್ಪಿನಂಥ ಪದಾರ್ಥಗಳಿವೆ. ಅವು ಗಾಳಿಯ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಸೀಮೆಎಣ್ಣೆಗೆ ಅವು ಕರಗುವುದಿಲ್ಲ, ನೀರಿಗೆ ಕರಗುತ್ತವೆ. ಕಬ್ಬಿಣಕ್ಕೆ ನೀರಾ ಅಂತ ಎಲ್ಲರೂ ಹೆದರುತ್ತಾರೆ. ಹೆದರಬೇಡಿ. ಮೊದಲು ಕೋವಿ ಖಾಲಿ ಇದೆಯಾ ನೋಡಿಕೊಳ್ಳಿ. ಗಜ, ಅಂದರೆ ನಳಿಗೆಯೊಳಗೆ ತೂರಿಸುವ ಉದ್ದನೆಯ ಕಡ್ಡಿ, ಬುಡದ ತನಕ ಇಳಿಯಬೇಕು. ಆಮೇಲೆ ಚೆನ್ನಾಗಿ ಕಾದ ನೀರು ಹಾಕಿ, ಗಜಕ್ಕೆ ಬಟ್ಟೆ ಸುತ್ತಿ ಉಜ್ಜಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದು ಗಂಧಕದ್ದು. ನೀರು ತಿಳಿಯಾಗುವ ತನಕ ಬಿಡಬೇಡಿ. ಬಿಸಿ ನೀರಾದರೆ ನಳಿಗೆ ತಾನೇ ಬೇಗ ಒಣಗುತ್ತದೆ. ಒಣಬಟ್ಟೆ ಎಳೆದು, ಆಮೇಲೆ ಎಣ್ಣೆ. ಚುನಾವಣೆ ಬಂತು ಅಂತ ಕೋವಿಯನ್ನು ಸ್ಟೇಷನ್‌ಗೆ ಒಪ್ಪಿಸುವ ಮುಂಚೆಯಂತೂ ಇದನ್ನು ತಪ್ಪಿಸಬೇಡಿ. ಮಸಿ ಇಟ್ಟುಕೊಂಡು ಹೋದ ಕೋವಿ ತುಕ್ಕು ಹಿಡಿದೇ ವಾಪಸ್ ಬರುತ್ತದೆ.

ಪ್ರಶ್ನೆ: ಅಟ್ಟದ ಮೇಲೆ ತೀರಿಕೊಂಡ ಮಾವನವರ ಕೋವಿ ಮದ್ದಿನ ಡಬ್ಬಿ ಸಿಕ್ಕಿದೆ. ಅಲ್ಲಾಡಿಸಿದರೆ ಒಳಗೆ ಹೆಂಟೆ ಕಟ್ಟಿದ ಹಾಗಿದೆ. ಹಳೆಯದು, ಶಕ್ತಿ ಹೋಗಿರುತ್ತೆ ಅಲ್ವಾ? ಬಿಸಿಲಿಗೆ ಹಾಕಿ ಒಣಗಿಸಲಾ?
– ಓದುಗರು, ಚಿಕ್ಕನಾಯಕನಹಳ್ಳಿ

ಉತ್ತರ: ಇಲ್ಲ ತಾಯಿ, ಹಳೆಯದಾದರೆ ಕರಿಮದ್ದಿನ ಶಕ್ತಿ ಹೋಗುವುದಿಲ್ಲ. ತೇವ ಕುಡಿದು ಹೆಂಟೆ ಕಟ್ಟಿದರೂ ಒಣಗಿದ ಮೇಲೆ ಒಂದು ಕಿಡಿ ಸಾಕು. ಬಿಸಿಲಿಗೆ ಹಾಕಬೇಡಿ, ಹೆಂಟೆ ಕುಟ್ಟಬೇಡಿ, ತುಕ್ಕು ಹಿಡಿದ ಮುಚ್ಚಳವನ್ನು ಮೀಟಬೇಡಿ. ಇನ್ನೊಮ್ಮೆ ಅಲ್ಲಾಡಿಸಲೂ ಬೇಡಿ. ಡಬ್ಬಿ ಇದ್ದಲ್ಲೇ ಇರಲಿ. ದೀಪ, ಬೀಡಿ, ಮಕ್ಕಳು ಆ ಕಡೆ ಸುಳಿಯಬಾರದು. ಸ್ಟೇಷನ್‌ಗೆ ಹೋಗಿ ಮಾವನವರ ಲೈಸೆನ್ಸ್ ಪುಸ್ತಕ ತೋರಿಸಿ, ಹೀಗೆ ಸಿಕ್ಕಿದೆ ಅಂತ ಬರೆದು ಕೊಡಿ. ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಮಾತ್ರ ಹತ್ತಬೇಡಿ. ಅವರೇ ಬಂದು ತೆಗೆದುಕೊಂಡು ಹೋಗಲಿ.