ತಂಗಿ ರಿಸೆಪ್ಷನ್‌ಗೆ ವೈನ್ ಆರಿಸೋದು: ಆರು ಥರ ಬೇಡ, ಮೂರ್ನಾಲ್ಕು ಸಾಕು

ನಿಮ್ಮ ಪೋಸ್ಟ್ ಪೂರ್ತಿ ಓದ್ದೆ. 150 ಜನ, ಸಂಜೆ ನಾಲ್ಕು ಗಂಟೆ ಹೊತ್ತು ನಡಿಯೋ ಕಾರ್ಯಕ್ರಮ, ಸ್ಟಾರ್ಟರ್ಸ್ ಎಲ್ಲ ಖಾರ ಖಾರ, ಊಟಕ್ಕೆ ಮೀನು ಮಾಂಸ ಎರಡೂ, ಕೊನೆಗೆ ಕೇಕು. ಅದಕ್ಕೆ ಆರು ಥರ ವೈನ್ ತರಿಸಿ, ಅರ್ಧ ರೆಡ್ ಅರ್ಧ ವೈಟ್ ಮಾಡಿ, ಮಧ್ಯದಲ್ಲಿ ಒಂದು ಹಳೇ ದುಬಾರಿ ರೆಡ್ಡೂ ಇಟ್ರೆ ಹೆಂಗೆ ಅಂತ ಕೇಳಿದೀರ. ತಂಗಿ ಮದುವೆ ಅಂದ್ಮೇಲೆ ಎಲ್ಲ ಚೆನ್ನಾಗೇ ಇರ್ಲಿ ಅನ್ನೋ ಆಸೆ ಅರ್ಥ ಆಗತ್ತೆ, ಆದ್ರೆ ಆರು ಥರ ಬೇಡ. ಥರ ಜಾಸ್ತಿ ಆದಷ್ಟೂ ಬಡಿಸೋ ಹುಡುಗ್ರಿಗೆ ಗೊಂದಲ, ಒಂದು ಬೇಗ ಖಾಲಿ ಆಗತ್ತೆ ಇನ್ನೊಂದು ಮುಟ್ಟೋರೇ ಇರಲ್ಲ, ಎಲ್ಲದ್ರಲ್ಲೂ ಅರ್ಧರ್ಧ ಬಾಟ್ಲು ಓಪನ್ ಆಗಿ ಉಳ್ಕೊಳತ್ತೆ. ಒಂದು ಸ್ಪಾರ್ಕ್ಲಿಂಗ್ (ಗುಳ್ಳೆ ಬರೋ ವೈನ್), ಒಂದು ಡ್ರೈ ವೈಟ್ (ಡ್ರೈ ಅಂದ್ರೆ ಸಿಹಿ ಇಲ್ದಿರೋದು), ಸ್ವಲ್ಪ ಸಿಹಿ ಇರೋ ಒಂದು ವೈಟ್, ಒಂದು ರೆಡ್. ಇಷ್ಟೇ ಸಾಕು.

ಆ ಹಳೇ ರೆಡ್ ವಿಷ್ಯ ಮೊದ್ಲು ಮುಗಿಸ್ತೀನಿ. ವರ್ಷಗಟ್ಲೆ ಇಟ್ಟಿರೋ ರೆಡ್‌ನಲ್ಲಿ ತಳದಲ್ಲಿ ಗಸಿ ಕೂತಿರತ್ತೆ, ಅದನ್ನ ಒಂದು ದಿನ ಮುಂಚೆನೇ ನೆಟ್ಟಗೆ ನಿಲ್ಸಿ, ಕದಡದ ಹಾಗೆ ನಿಧಾನಕ್ಕೆ ಬೇರೆ ಜಾಡಿಗೆ ಬಗ್ಗಿಸ್ಬೇಕು. ಗದ್ದಲದ ಹಾಲ್‌ನಲ್ಲಿ ಅದನ್ನೆಲ್ಲ ಮಾಡೋರ್ಯಾರು? ಒಂದು ಬಾಟ್ಲು ತಗೊಂಡು ತಂಗಿಗೂ ಅವ್ಳ ಗಂಡಂಗೂ ಗಿಫ್ಟ್ ಕೊಡಿ, ಅವ್ರಿಬ್ರೇ ಒಂದಿನ ಸಮಾಧಾನವಾಗಿ ಕೂತು ಕುಡೀಲಿ.

ಈಗ ಖಾರದ ವಿಷ್ಯ, ನಿಮ್ಮ ಮೆನುಗೆ ಇದೇ ಮುಖ್ಯ. ಆಲ್ಕೋಹಾಲ್ ಜಾಸ್ತಿ ಇದ್ರೆ ಬಾಯಲ್ಲಿ ಖಾರದ ಉರಿ ಇನ್ನೂ ಏರತ್ತೆ, ಒಗರು ಜಾಸ್ತಿ ಇರೋ ರೆಡ್ ಆದ್ರಂತೂ ಖಾರದ ಜೊತೆ ಸೇರಿ ನಾಲಿಗೆ ಒರಟಾಗಿ ಕಹಿ ಕಹಿ ಅನ್ಸತ್ತೆ. ಅದಕ್ಕೇ ನೀವು ಬರ್ದಿರೋ ಕ್ಯಾಬರ್ನೇ ಸೊವಿನ್ಯೋ ಅನ್ನೋ ಒಗರು ರೆಡ್‌ನ ನಾನಾಗಿದ್ರೆ ಕೈಬಿಡ್ತೀನಿ. ಅದು ಕೊಬ್ಬಿರೋ ಮಾಂಸದ ಜೊತೆ ಬಹಳ ಚೆನ್ನ, ಆದ್ರೆ ಖಾರಕ್ಕೂ ಆಗಲ್ಲ, ಮೀನಿನ ಜೊತೆ ಹಾಕಿದ್ರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಒಂದು ರುಚಿ ಬರತ್ತೆ. ರೆಡ್ ಅಂದ್ರೆ ಪಿನೋ ನ್ವಾರ್, ಇಲ್ಲಾಂದ್ರೆ ಗಾಮೇ ದ್ರಾಕ್ಷಿದು (ಬೋಜೊಲೇ ಅಂತ ಲೇಬಲ್ ಮೇಲೆ ಇರೋದು ಇದೇ), ಅದೂ ಸಿಗ್ಲಿಲ್ಲ ಅಂದ್ರೆ ಮೆತ್ತಗಿರೋ ಮೆರ್ಲೋ. ಇವುಗಳಲ್ಲಿ ಒಗರು ಕಮ್ಮಿ, ಹಣ್ಣಿನ ರುಚಿ ಮುಂದಿರತ್ತೆ, ವೈನ್ ಅಭ್ಯಾಸ ಇಲ್ದೋರೂ ಮುಖ ಕಿವುಚಲ್ಲ.

ಡ್ರೈ ವೈಟ್‌ಗೆ ಸೊವಿನ್ಯೋ ಬ್ಲಾಂ ತಗೊಳಿ, ಅದ್ರ ಹುಳಿ ಕರಿದ ತಿಂಡಿ ಜಿಡ್ಡನ್ನ ಬಾಯಿಂದ ತೊಳ್ದು ಹಾಕತ್ತೆ, ಮೀನಿಗೂ ಸರಿ ಹೋಗತ್ತೆ. ಶಾರ್ಡನೇನೇ ಬೇಕು ಅಂದ್ರೆ ಮರದ ಪೀಪಾಯಿಲಿ ಇಡದೇ ಇರೋದನ್ನ ಕೇಳಿ, ಪೀಪಾಯಿದು ಬೆಣ್ಣೆ ವೆನಿಲ್ಲಾ ವಾಸನೆ ಬರತ್ತೆ, ಕೆಲವ್ರಿಗೆ ಅದೇ ಪ್ರಾಣ, ಕೆಲವ್ರಿಗೆ ಒಂದು ಗ್ಲಾಸ್‌ಗೇ ಸಾಕಾಗತ್ತೆ. ಇನ್ನು ಸ್ವಲ್ಪ ಸಿಹಿ ಇರೋ ವೈಟು ಅಂದ್ರೆ ರೀಸ್ಲಿಂಗ್ ಅಥವಾ ಶೆನಿನ್ ಬ್ಲಾಂ, ಎರಡೂ ಡ್ರೈ ಆಗೂ ಬರತ್ತೆ ಸಿಹಿಯಾಗೂ ಬರತ್ತೆ, ಕೇಳಿ ತಗೊಳಿ. ಇದನ್ನ ದಯವಿಟ್ಟು ಬಿಡ್ಬೇಡಿ. ಖಾರಕ್ಕೆ ಆ ಚೂರು ಸಿಹಿ ಎಷ್ಟು ಹೊಂದ್ಕೊಳತ್ತೆ ಅಂತ ತಿಂದು ಕುಡಿದ್ರೆನೇ ಗೊತ್ತಾಗೋದು.

ಸ್ಪಾರ್ಕ್ಲಿಂಗ್‌ಗೆ ಶಾಂಪೇನೇ ಆಗ್ಬೇಕು ಅಂತ ಇಲ್ಲ. ಶಾಂಪೇನ್ ಅನ್ನೋದು ಫ್ರಾನ್ಸ್‌ನ ಆ ಒಂದು ಪ್ರಾಂತ್ಯದ ಹೆಸ್ರು. ಸ್ಪೇನಿನ ಕಾವಾನೂ ಅದೇ ವಿಧಾನದಲ್ಲಿ, ಬಾಟ್ಲೊಳಗೇ ಎರಡನೇ ಸಲ ಹುದುಗು ಬರ್ಸಿ ಮಾಡ್ತಾರೆ. ಇಟಲಿಯ ಪ್ರೊಸೆಕ್ಕೊನ ಸಾಮಾನ್ಯವಾಗಿ ದೊಡ್ಡ ಟ್ಯಾಂಕ್‌ನಲ್ಲಿ ಮಾಡ್ತಾರೆ, ಅದಕ್ಕೇ ಅದು ಹಗುರ, ಹಣ್ಣು ಹಣ್ಣಾಗಿರತ್ತೆ. ಲೇಬಲ್ ಓದೋವಾಗ ಒಂದು ಎಚ್ಚರ: ಬ್ರೂಟ್ ಅಂದ್ರೆ ಲೀಟರ್‌ಗೆ 12 ಗ್ರಾಂಗಿಂತ ಕಮ್ಮಿ ಸಕ್ಕರೆ, ಎಕ್ಸ್‌ಟ್ರಾ ಡ್ರೈ ಅಂತ ಇದ್ರೆ 12ರಿಂದ 17 ಗ್ರಾಂ. ಅಂದ್ರೆ ಹೆಸರಲ್ಲಿ ಡ್ರೈ ಇದ್ರೂ ಅದೇ ಜಾಸ್ತಿ ಸಿಹಿ! ಟೋಸ್ಟ್‌ಗೆ (ಎಲ್ರೂ ಗ್ಲಾಸ್ ಎತ್ತಿ ಹಾರೈಸೋ ಹೊತ್ತಿಗೆ) ಎರಡ್ರಲ್ಲಿ ಯಾವ್ದಾದ್ರೂ ನಡಿಯತ್ತೆ, ಆದ್ರೆ ಕೇಕ್ ಜೊತೆ ಬ್ರೂಟ್ ಕೊಡ್ಬೇಡಿ, ಕೇಕ್ ತಿಂದ ಬಾಯಿಗೆ ಅದು ಬರೀ ಹುಳಿ ನೀರಾಗತ್ತೆ. ವೈನು ಕೇಕ್‌ನಷ್ಟಾದ್ರೂ ಸಿಹಿ ಇರ್ಬೇಕು. ಹಾಗಾಗಿ ಟೋಸ್ಟ್ ಮೊದ್ಲು, ಕೇಕ್ ಆಮೇಲೆ. ಕೇಕ್ ಜೊತೆಗೇ ಬೇಕು ಅಂದ್ರೆ ಮೊಸ್ಕಾತೊ ದಾಸ್ತಿ ಅನ್ನೋ ಇಟಲಿ ವೈನ್ ಇದೆ, ಸಿಹಿ, ಆಲ್ಕೋಹಾಲ್ ಸುಮಾರು 5 ಪರ್ಸೆಂಟ್ ಅಷ್ಟೇ.

ಎಷ್ಟು ತರಿಸ್ಬೇಕು ಅಂದ್ರಲ್ಲ, ಲೆಕ್ಕ ಹೀಗೆ. 150ರಲ್ಲಿ ಮಕ್ಕಳು, ಕುಡೀದೇ ಇರೋರು, ಬೇರೆ ಡ್ರಿಂಕ್ಸ್ ಇಷ್ಟಪಡೋರು ಎಲ್ಲ ಕಳೆದು ವೈನ್ ತಗೊಳೋರು 80 ಜನ ಅಂತ ಇಟ್ಕೊಳೋಣ, ನಿಮ್ಮ ನೆಂಟ್ರು ನಿಮ್ಗೇ ಗೊತ್ತು, ನಂಬರ್ ನೀವು ಹಾಕ್ಕೊಳಿ. ಮೊದಲ ಗಂಟೇಲಿ ಎರಡು ಗ್ಲಾಸ್, ಆಮೇಲೆ ಗಂಟೆಗೊಂದು, ನಾಲ್ಕು ಗಂಟೆಗೆ ಐದು ಗ್ಲಾಸ್. 80 ಜನಕ್ಕೆ 400. 750 ಎಂಎಲ್ ಬಾಟ್ಲಲ್ಲಿ 150 ಎಂಎಲ್‌ನ ಐದು ಗ್ಲಾಸ್ ಬರತ್ತೆ, ಅಂದ್ರೆ 80 ಬಾಟ್ಲು, ಸ್ವಲ್ಪ ಕೈಮೇಲೆ ಇರ್ಲಿ ಅಂತ 12ರ ಕೇಸ್ ಲೆಕ್ಕದಲ್ಲಿ 8 ಕೇಸ್, 96 ಬಾಟ್ಲು. ಇದ್ರಲ್ಲಿ ಡ್ರೈ ವೈಟ್ 3 ಕೇಸ್, ಸಿಹಿ ವೈಟ್ 2, ರೆಡ್ 3. ಟೋಸ್ಟ್‌ಗೆ 100 ಎಂಎಲ್ ಹಾಕಿದ್ರೆ ಸ್ಪಾರ್ಕ್ಲಿಂಗ್ ಬಾಟ್ಲಿಗೆ ಏಳು ಗ್ಲಾಸ್, 80 ಜನಕ್ಕೆ ಒಂದು ಕೇಸ್ ಸರಿಯಾಗಿ ಸಾಕು. ಇದು ತುಂಬು ಲೆಕ್ಕ, ಹಾಗಾಗಿ ಓಪನ್ ಮಾಡದ ಬಾಟ್ಲು ವಾಪಸ್ ತಗೋತೀರಾ ಅಂತ ಅಂಗಡೀಲಿ ಮೊದ್ಲೇ ಕೇಳಿ. ತಗೋತೀವಿ ಅಂದ್ರೂ, ಐಸ್ ನೀರಲ್ಲಿ ನೆಂದು ಲೇಬಲ್ ಕಿತ್ತುಬಂದಿರೋದನ್ನ ಯಾರೂ ಮುಟ್ಟಲ್ಲ, ಎಲ್ಲಾನೂ ಒಟ್ಟಿಗೆ ಐಸ್‌ಗೆ ಹಾಕ್ಬೇಡಿ, ಖಾಲಿ ಆದ ಹಾಗೆ ಹಾಕ್ತಾ ಹೋಗಿ.

ಇನ್ನು ತಂಪಿನ ವಿಷ್ಯ. ಇದನ್ನ ಜೋರಾಗೇ ಹೇಳ್ತೀನಿ, ಯಾಕಂದ್ರೆ ನಮ್ಮ ಮನೆಯ ಒಂದು ಮದುವೇಲಿ ನಾವೇ ಕೂತು ರುಚಿ ನೋಡಿ ಆರಿಸಿದ್ದ ರೆಡ್ಡು ಆ ದಿನ ಸ್ಟವ್ ಪಕ್ಕದಲ್ಲಿ ಪೇರಿಸಿಟ್ಟಿದ್ರು, ಗ್ಲಾಸ್‌ಗೆ ಬಂದಾಗ ಬೆಚ್ಚಗೆ, ಮೂಗಿಗೆ ಬರೀ ಸ್ಪಿರಿಟ್ ವಾಸನೆ. ಅಷ್ಟು ಆಸೆಯಿಂದ ಆರಿಸಿದ್ದು ಹಂಗಾಯ್ತಲ್ಲ ಅಂತ ಈಗ್ಲೂ ಸಂಕಟ ಆಗತ್ತೆ. ರೂಮ್ ಟೆಂಪರೇಚರ್ ಅಂತಾರಲ್ಲ, ಅದು ತಣ್ಣನೆ ಮನೆಗಳ ಮಾತು, 16–18 ಡಿಗ್ರಿ. ನಾ ಹೇಳಿದ ಹಗುರ ರೆಡ್‌ಗಳು 13–15ರಲ್ಲೇ ಚೆನ್ನ, ಬಡಿಸೋ ಮುಂಚೆ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ. ವೈಟು 8ರಿಂದ 12, ಸ್ಪಾರ್ಕ್ಲಿಂಗ್ 6ರಿಂದ 8. ಬರೀ ಐಸ್‌ನಲ್ಲಿ ಬಾಟ್ಲು ಹೂತ್ರೆ ಬೇಗ ತಣ್ಣಗಾಗಲ್ಲ, ಐಸ್ ತುಂಡುಗಳ ಮಧ್ಯ ಗಾಳಿ ಇರತ್ತೆ. ಅರ್ಧ ಐಸ್ ಅರ್ಧ ನೀರು ಹಾಕಿ ಬಾಟ್ಲು ಕುತ್ತಿಗೆವರೆಗೂ ಮುಳುಗ್ಲಿ, ಅರ್ಧ ಗಂಟೇಲಿ ರೆಡಿ. ಫ್ರಿಜ್ ಆದ್ರೆ ಎರಡು ಮೂರು ಗಂಟೆ ಬೇಕು.

ಆರಿಸೋವಾಗ ಒಬ್ರೇ ಕೂತು ಆರಿಸ್ಬೇಡಿ. ಒಂದೊಂದಕ್ಕೂ ಎರಡು ಮೂರು ಬಾಟ್ಲು ತಂದು, ಪೇಪರ್ ಸುತ್ತಿ ನಂಬರ್ ಹಾಕಿ, ಐದಾರು ಜನಕ್ಕೆ ಮೆನುಲಿರೋ ಸ್ಟಾರ್ಟರ್ ಜೊತೆನೇ ಕೊಡಿ. ಅದ್ರಲ್ಲಿ ಇಬ್ರಾದ್ರೂ ವೈನ್ ಅಷ್ಟಾಗಿ ಕುಡೀದೇ ಇರೋರಿರ್ಲಿ, ಯಾಕಂದ್ರೆ ನಿಮ್ಮ ಅತಿಥಿಗಳಲ್ಲಿ ಹೆಚ್ಚಿನೋರು ಅವ್ರ ಥರಾನೇ. ಯಾವ ಗ್ಲಾಸ್ ಮೊದ್ಲು ಖಾಲಿ ಆಯ್ತು ನೋಡಿ, ಬಾಯಲ್ಲಿ ಹೊಗಳಿದ್ದಕ್ಕಿಂತ ಅದು ನಿಜ.

ಕುಡೀದೇ ಇರೋರಿಗೂ ಟೋಸ್ಟ್ ಹೊತ್ತಿಗೆ ಕೈಯಲ್ಲಿ ಅದೇ ಥರ ಗ್ಲಾಸ್ ಇರ್ಲಿ, ಗುಳ್ಳೆ ಬರೋ ದ್ರಾಕ್ಷಿ ಜ್ಯೂಸ್ ಆದ್ರೂ ಸರಿ. ಸ್ಪಾರ್ಕ್ಲಿಂಗ್ ಓಪನ್ ಮಾಡೋರಿಗೆ ಹೇಳಿಡಿ, ಒಳಗೆ ಒತ್ತಡ ಕಾರ್ ಟಯರ್‌ಗಿಂತ ಎರಡು ಪಟ್ಟು ಜಾಸ್ತಿ ಇರತ್ತೆ, ತಂತಿ ಬಿಚ್ಚಿದ ಕ್ಷಣದಿಂದ ಹೆಬ್ಬೆರಳು ಬಿರಡೆ ಮೇಲೇ ಇರ್ಬೇಕು, ಬಿರಡೆ ಗಟ್ಟಿ ಹಿಡ್ದು ಬಾಟ್ಲನ್ನ ತಿರುಗಿಸ್ಬೇಕು, ಜನ್ರ ಕಡೆ ಮುಖ ಮಾಡಿ ಅಲ್ಲ. ಬಿರಡೆ ಇರೋ ಪ್ರತಿ ಬಾಟ್ಲನ್ನೂ ಬಡಿಸೋ ಮುಂಚೆ ಯಾರಾದ್ರೂ ಒಬ್ರು ಮೂಸಿ ನೋಡ್ಲಿ, ಒದ್ದೆ ರಟ್ಟಿನ ಥರ ಮುಗ್ಗಲು ವಾಸನೆ ಬಂದ್ರೆ ಅದನ್ನ ಪಕ್ಕಕ್ಕಿಡಿ. ತಿರುಪಿನ ಮುಚ್ಚಳದ್ದು ಸಿಕ್ರೆ ಈ ತಾಪತ್ರಯ ಕಮ್ಮಿ, ಓಪನರ್ ಹುಡ್ಕೋದೂ ತಪ್ಪತ್ತೆ.

ಸ್ಟಾರ್ಟರ್ಸ್ ಲಿಸ್ಟ್ ಫೈನಲ್ ಆದ್ರೆ ಇಲ್ಲೇ ಹಾಕಿ, ಸಿಹಿ ವೈಟ್ ಇನ್ನೊಂದು ಕೇಸ್ ಜಾಸ್ತಿ ಬೇಕಾ ನೋಡಿ ಹೇಳ್ತೀನಿ.