ನಾಲ್ಕು ಹಸುವಿಗೆ ಒಣಹುಲ್ಲು: ಬೆಳೆಯುವುದಾ, ಕೊಳ್ಳುವುದಾ?

ನಾಲ್ಕು ಹಸುಗಳಿವೆ, ಖಾಲಿ ಬಿದ್ದಿರುವ ಒಂದು ಎಕರೆಯಲ್ಲಿ ಒಣಹುಲ್ಲಿಗೆಂದು ಬೆಳೆಯಲಾ, ಕೊಳ್ಳಲಾ ಎಂದು ಕೇಳಿದ್ದೀರಿ. ಮೊದಲು ಲೆಕ್ಕ ಹಾಕಿ. 400 ಕಿಲೋ ತೂಗುವ ಹಸುವಿಗೆ ಬರೀ ಒಣಮೇವೇ ಆದರೆ ದಿನಕ್ಕೆ ಸುಮಾರು 10 ಕಿಲೋ ಬೇಕು. ನಾಲ್ಕಕ್ಕೆ ಆರು ತಿಂಗಳಿಗೆ 7 ಟನ್ ದಾಟುತ್ತದೆ. ಒಂದೇ ಕೊಯ್ಲಿನಲ್ಲಿ ಅಷ್ಟು ಸಿಗುವುದು ಕಷ್ಟ.

ಬೆಳೆಯುವುದು ಬಿಡಿ, ಒಣಗಿಸುವುದೇ ದೊಡ್ಡ ಫಜೀತಿ. ಕೊಯ್ದು ಹರಡಿದ ದಿನವೇ ಮಳೆ ಬಂದರೆ ಮುಗೀತು. ಹಸಿ ಇರುವಾಗಲೇ ಬಣವೆ ಒಟ್ಟಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ, ತಾನಾಗಿ ಬೆಂಕಿ ಹತ್ತಿಕೊಳ್ಳುವುದೂ ಉಂಟು. ಒಂದು ಹಿಡಿ ತಿರುಚಿ ನೋಡಿ, ಪಟಪಟ ಮುರಿಯಬೇಕು.

ನನ್ನ ಕೇಳಿದರೆ, ಆ ಎಕರೆಯಲ್ಲಿ ಹಸಿಮೇವು ಬೆಳೆಯಿರಿ, ಒಣಹುಲ್ಲು ಕೊಳ್ಳಿ. ಕಂತೆ ಲೆಕ್ಕ ಬೇಡ, ತೂಕ ಹಾಕಿಸಿ. ಒಂದನ್ನು ಬಿಚ್ಚಿಸಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ.