ವಯಸ್ಸಾದ ಮೇಲೆ ಅಪ್ಪ ಮೆತ್ತಗಾಗಿದ್ದಾರೆ, ಇದು ನಿಜವಾದ ಬದಲಾವಣೆಯೇ?

ನೀವು ಕೇಳಿರೋದು ಇಷ್ಟು: ಚಿಕ್ಕಂದಿನಲ್ಲಿ ಮಾತೆತ್ತಿದರೆ ಬೆಲ್ಟು ಬಿಚ್ಚುತ್ತಿದ್ದ ನಿಮ್ಮಪ್ಪ ಈಗ ಮೊಮ್ಮಗಳ ಬಾಯಿ ಒರೆಸುತ್ತಾ ಕೂತಿರ್ತಾರೆ. ಅದನ್ನು ನೋಡಿದರೆ ಸಂತೋಷಕ್ಕಿಂತ ಸಿಟ್ಟೇ ಬರುತ್ತೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗಾದರೆ ಇದೇನು, ಬದಲಾವಣೆಯೋ ಅಥವಾ ಕೈಲಾಗದೆ ಬಂದ ಒಳ್ಳೆತನವೋ?

ನಾನು ನಿಮ್ಮಪ್ಪನ ಪಾರ್ಟಿಯವನು, ಅದನ್ನು ಮೊದಲೇ ಹೇಳಿಬಿಡ್ತೀನಿ. ವಯಸ್ಸು 66. ಬಸ್ ಕಂಡಕ್ಟರ್ ಆಗಿ 31 ವರ್ಷ ದುಡಿದು 2019ರಲ್ಲಿ ನಿವೃತ್ತನಾದೆ. ಹೆಚ್ಚಿನ ಕಾಲ ತುಮಕೂರು, ಕೊರಟಗೆರೆ, ಮಧುಗಿರಿ, ಪಾವಗಡ ರೂಟು. ಶನಿವಾರ ಆ ರೂಟು ಯಾರಿಗೂ ಬೇಡ. ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೊರಟ ಜನ ಫುಟ್‌ಬೋರ್ಡಿನವರೆಗೂ ತುಂಬಿರ್ತಿದ್ರು. 'ಒಳಗೆ ನಡೀರಿ, ಒಳಗೇನು ಹಾವಿದ್ಯಾ' ಅನ್ನೋದು ನನ್ನ ಸುಪ್ರಭಾತ. ನನ್ನ ಬಾಯಿ ಕೇಳದ ಹಳ್ಳಿ ಆ ದಾರಿಯಲ್ಲಿ ಇರಲಿಲ್ಲ.

1996 ಇರಬೇಕು. ಮಧುಗಿರಿಯಲ್ಲಿ ಐವತ್ತರ ಆಸುಪಾಸಿನ ಒಬ್ಬಾಕೆ ಹತ್ತಿದಳು, ತಲೆ ಮೇಲೆ ಕಡ್ಲೆಕಾಯಿ ಗಂಟು. 6 ರೂಪಾಯಿ ಟಿಕೆಟ್ಟಿಗೆ 50ರ ನೋಟು ಕೊಟ್ಟಳು. ಆಗ ಮಿಷನ್ ಇಲ್ಲ, ಬಣ್ಣಬಣ್ಣದ ಟಿಕೆಟ್ ಬಂಡಲ್ಲು. ಹರಿದು, ಹಿಂದುಗಡೆ ಪೆನ್ನಲ್ಲಿ 44 ಅಂತ ಬರೆದು, 'ಇಳಿಯುವಾಗ ಇಸ್ಕೊಳಮ್ಮ' ಅಂದೆ. ಕಂಡಕ್ಟರುಗಳೆಲ್ಲಾ ಮಾಡೋದೇ ಅದು. ಅವಳ ಸ್ಟೇಜ್ ಬಂತು. ನಾನು ಹಿಂದಿನ ಸೀಟುಗಳಲ್ಲಿ ಟಿಕೆಟ್ ಹರೀತಾ ಇದ್ದೆ. ಅವಳು ಮುಂದಿನ ಬಾಗಿಲಲ್ಲಿ ಇಳಿದು ಗಂಟು ಕೆಳಗಿಟ್ಟು ಬಸ್ಸಿನ ಪಕ್ಕದಲ್ಲೇ ಓಡಿ ಬಂದಳು. ಟಿಕೆಟ್ ಹಿಡಿದ ಕೈಯಲ್ಲೇ ತಗಡು ಬಡೀತಾ, 'ಅಣ್ಣಾ, ಚಿಲ್ರೆ... ಅಣ್ಣಾ' ಅಂದಳು.

ಕೇಳಿಸಿತು. ನೋಡಿದೆ ಕೂಡ. ಬಸ್ಸು 20 ನಿಮಿಷ ಲೇಟಾಗಿತ್ತು. ಸೀಟಿ ಊದಿದೆ.

ಆ ಕಾಲಕ್ಕೆ 44 ರೂಪಾಯಿ ಅಂದ್ರೆ ಅವಳಿಗೆ ಒಂದು ದಿನದ ಕೂಲಿಗೆ ಮೋಸವಿಲ್ಲ. ನಾಳೆ ಸಿಕ್ಕಾಗ ಕೊಟ್ಟರಾಯ್ತು ಅಂದುಕೊಂಡೆ. ಆದರೆ ನಮ್ಮ ಕೆಲಸದಲ್ಲಿ ಇನ್ನೊಂದು ಫಜೀತಿ ಇದೆ. ಚೆಕಿಂಗ್‌ನವರು ಹತ್ತಿ ಬ್ಯಾಗ್ ಎಣಿಸಿದಾಗ ದುಡ್ಡು ಕಮ್ಮಿ ಇದ್ರೂ ಮೆಮೊ, ಜಾಸ್ತಿ ಇದ್ರೂ ಮೆಮೊ. ಹಾಗಾಗಿ ಆ ದುಡ್ಡನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳೋ ಹಾಗಿರಲಿಲ್ಲ. ಪಾವಗಡದಲ್ಲಿ ಡ್ರೈವರ್ ಜೊತೆ ಊಟ ಮಾಡಿದೆ, ಮೇಲೆ ಒಂದು ಪೊಟ್ಟಣ ಬೀಡಾ. ಅವಳು ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೂ ನನಗೆ ಗುರುತು ಸಿಗ್ತಿತ್ತೋ ಇಲ್ಲವೋ.

ಈಗ ನಾನು ಒಳ್ಳೆಯವನು. ಹಾಗಂತ ಜನ ಹೇಳ್ತಾರೆ. ಶನಿವಾರ ಬೆಳಗ್ಗೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿರ್ತೀನಿ, ಮನೇಲಿ ಕೂತು ಮಾಡೋದೇನು. ಮಡಕಶಿರಾ, ಹಿಂದೂಪುರದ ಕಡೆಯ ಭಕ್ತರಿಗೆ ನಮ್ಮ ಕನ್ನಡ ಬೋರ್ಡು ಓದೋಕೆ ಬರಲ್ಲ. ನನ್ನ ಹರುಕುಮುರುಕು ತೆಲುಗಿನಲ್ಲಿ 'ಇದಿ ಕಾದಮ್ಮಾ, ವೆನಕ ಬಸ್ಸು' ಅಂತ ತೋರಿಸ್ತೀನಿ, ಅಜ್ಜಿಯರ ಚೀಲ ಹತ್ತಿಸ್ತೀನಿ. ಮಗ ನೆಂಟರ ಮುಂದೆಲ್ಲಾ 'ನಮ್ಮಪ್ಪ ಎಷ್ಟು ಚೇಂಜ್ ಆಗಿದ್ದಾರೆ' ಅಂತಾನೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, 'ಚೇಂಜೂ ಇಲ್ಲ ಗೀಂಜೂ ಇಲ್ಲ, ಸೀಟಿ ಕಿತ್ಕೊಂಡ್ರಲ್ಲ, ಅದಕ್ಕೇ ಸುಮ್ನಿದ್ದಾರೆ' ಅಂತಾಳೆ.

ಬಹಳ ದಿನ ಅವಳ ಮಾತೇ ಸರಿ ಅಂತ ನಂಬಿದ್ದೆ. ದಯೆಗೆ ಬೇಕಾದದ್ದು ದೊಡ್ಡ ಮನಸ್ಸೇನಲ್ಲ, ಪುರುಸೊತ್ತು. ಡ್ಯೂಟಿಯಲ್ಲಿದ್ದಾಗ ನನಗೆ ಅದು ಇರಲಿಲ್ಲ, ಈಗ ಅದೊಂದೇ ಇರೋದು. ಈ ಲೆಕ್ಕದಲ್ಲಿ ನಾನು ಆಗಲೂ ಕೆಟ್ಟವನಲ್ಲ, ಈಗ ಒಳ್ಳೆಯವನಾಗಿಯೂ ಇಲ್ಲ. ಅನುಕೂಲವಾದ ಲೆಕ್ಕ.

ಅದನ್ನು ಕೆಡಿಸಿದ್ದು ಒಬ್ಬ ಹುಡುಗಿ. ಹೋದ ವರ್ಷ ಕೊರಟಗೆರೆಯಲ್ಲಿ ಬಸ್ ಹತ್ತುತ್ತಿದ್ದೆ. ನನ್ನ ಬಲಮಂಡಿ ಮಡಚಲ್ಲ, ಮೊದಲ ಮೆಟ್ಟಿಲು ಎತ್ತರ, ಎಡಗಾಲಿಟ್ಟು ಕಂಬಿ ಹಿಡಿದು ಬಲಗಾಲು ಎಳ್ಕೋಬೇಕು. ಬಾಗಿಲಲ್ಲಿ ನಿಂತಿದ್ದ ಲೇಡಿ ಕಂಡಕ್ಟರಿಗೆ ಹೆಚ್ಚೆಂದರೆ 28 ಇರಬಹುದು. ಸೀಟಿ ಹಲ್ಲಿನ ನಡುವೆ ಇತ್ತು, ಊದಲಿಲ್ಲ. ನಾನು ಸೀಟು ಹಿಡಿದು ಕೂರೋವರೆಗೂ ಹಾಗೇ ಕಚ್ಚಿಕೊಂಡಿದ್ದಳು. 'ನಿಧಾನ ತಾತ, ಅರ್ಜೆಂಟೇನಿಲ್ಲ' ಅಂದಳು. ಅದು ಸುಳ್ಳು ಅಂತ ಆ ಬಸ್ಸಿನಲ್ಲಿ ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಬಸ್ಸು ಕಾಲು ಗಂಟೆ ಲೇಟು, ಹಿಂದಿನ ಬಸ್ಸು ಆಗಲೇ ಬಂದು ಹಾರ್ನ್ ಹೊಡೀತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಅವರ ಕೆಲಸ ಇನ್ನೂ ಜಾಸ್ತಿ. ಹೆಣ್ಣುಮಕ್ಕಳಿಗೆ ದುಡ್ಡಿಲ್ಲದಿದ್ದರೂ ಒಬ್ಬೊಬ್ಬರ ಕಾರ್ಡು ನೋಡಿ ಶೂನ್ಯ ಟಿಕೆಟ್ ಕೊಡಲೇಬೇಕು. (ನನ್ನ ಹೆಂಡತಿ ಪುಕ್ಕಟೆ ಓಡಾಡ್ತಾಳೆ, ನನಗೆ ಹಿರಿಯ ನಾಗರಿಕ ಅಂತ 25 ಪರ್ಸೆಂಟ್ ರಿಯಾಯಿತಿ. ಇದನ್ನು ದಿನಕ್ಕೊಂದು ಸಲ ಜ್ಞಾಪಿಸ್ತಾಳೆ.) ನಾನು 100ರ ನೋಟು ಕೊಟ್ಟೆ. ಟಿಕೆಟ್ ಹಿಂದೆ ಬರೀತಾಳೆ ಅಂತ ಕಾದೆ. ಅವಳು ಅಲ್ಲೇ ನಿಂತು ಬ್ಯಾಗ್ ತಡಕಿ, ಪಕ್ಕದವರ ಹತ್ತಿರ ಹತ್ತರ ನೋಟು ಬದಲಾಯಿಸಿಕೊಂಡು, ಪೂರ್ತಿ ಚಿಲ್ಲರೆ ಎಣಿಸಿ ನನ್ನ ಕೈಗಿಟ್ಟು ಮುಂದೆ ಹೋದಳು.

ಪುರುಸೊತ್ತು ಅವಳಿಗೂ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಗೆ ನಾನು ಎರಡು ಮಾತು ಹೇಳಬೇಕಾಗಿದೆ. ನಿಮ್ಮಪ್ಪ ನಾಟಕ ಆಡ್ತಿಲ್ಲ. ಆ ಮಗುವಿನ ಬಾಯಿ ಒರೆಸುವಾಗ ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸ್ತಿರುತ್ತೆ, ಚೀಲ ಎತ್ತುವಾಗ ನನಗೆ ಅನ್ನಿಸುವ ಹಾಗೆ. ಆದರೆ ನಿಮಗೆ ಬರೋ ಸಿಟ್ಟೂ ಸುಳ್ಳಲ್ಲ. ಹಿಂದೂಪುರದ ಅಜ್ಜಿಗೆ ನಾನು ಎಷ್ಟು ಚೀಲ ಹತ್ತಿಸಿದರೂ ಮಧುಗಿರಿಯ ಆ ಹೆಂಗಸಿನ 44 ರೂಪಾಯಿ ಜಮಾ ಆಗಲ್ಲ. ನಿಮ್ಮ ಬಾಕಿಯನ್ನು ಅವರು ನಿಮ್ಮ ಮಗಳಿಗೆ ಕೊಡ್ತಿದ್ದಾರೆ. ಅವಳಿಗೆ ಸಿಗಲಿ ಬಿಡಿ, ಮಗು. ಅದನ್ನು ನೋಡಿ ನೀವು ನಿಮ್ಮ ಲೆಕ್ಕಕ್ಕೆ ರಸೀತಿ ಹರಿದು ಕೊಡಬೇಕು ಅಂತೇನೂ ಇಲ್ಲ. ಒಂದೇ ವ್ಯತ್ಯಾಸ, ನಿಮ್ಮಪ್ಪನಿಗೆ ನೀವು ಎಲ್ಲಿದ್ದೀರಿ ಅಂತ ಗೊತ್ತು, ಎದುರಿಗೇ ಇದ್ದೀರಿ. ಕೇಳಿ ನೋಡಿ. 'ಆಗ ಯಾಕಪ್ಪಾ ಹಾಗೆ ಹೊಡೀತಿದ್ದೆ' ಅಂತ ನನ್ನ ಮಗ ಇವತ್ತಿನವರೆಗೂ ನನ್ನನ್ನು ಕೇಳಿಲ್ಲ. ಕೇಳಿದರೆ ಏನು ಹೇಳ್ತೀನೋ ಗೊತ್ತಿಲ್ಲ, ಆದರೆ ಅವನು ಕೇಳಲಿ ಅಂತ ಕಾಯ್ತಾ ಇದ್ದೀನಿ. ನಾನೇ ಎತ್ತೋಕೆ ಧೈರ್ಯ ಸಾಲ್ತಿಲ್ಲ.

ಪಾವಗಡಕ್ಕೆ ಈಗಲೂ ತಿಂಗಳಿಗೊಮ್ಮೆ ಹೋಗ್ತೀನಿ, ಅದೇ ರಸ್ತೆ. ಸೀಟು ಖಾಲಿ ಇದ್ದರೆ ಡ್ರೈವರ್ ಹಿಂದೆ, ಬಲಗಡೆ ಕೂರ್ತೀನಿ. ಅವಳು ಬಡಿದದ್ದು ಎಡಗಡೆ.